ದಾರ ಬಿಚ್ಚದ ಪುಸ್ತಕಗಳು

ನಿಮ್ಮಜ್ಜನ ಅಜ್ಜನೂ ಹುಟ್ಟದ ಕಾಲದ ಮಾತು. ಕಂಚಿನಕೋಟೆ ಅಂತ ಒಂದು ರಾಜ್ಯ. ಅಲ್ಲಿನ ಜನಕ್ಕೆ ಐದೆಲೆಯಾಟ ಅಂದರೆ ಪ್ರಾಣ. ಕೈಗೆ ಐದು ಎಲೆ, ನಡುವೆ ಪಣ. ಒಳ್ಳೆಯ ಎಲೆ ಬಂದವನು ಗೆಲ್ಲಬೇಕು ತಾನೆ? ಅಲ್ಲ, ಮುಖ ಕದಲಿಸದವನು ಗೆಲ್ಲುತ್ತಿದ್ದ. ಕೈಯಲ್ಲಿ ಏನೂ ಇಲ್ಲದೆ ಎದುರಿನವನನ್ನು ನಂಬಿಸುವುದೇ ಆ ಆಟದ ಮರ್ಮ. ಹಿರಿಯ ಆಟಗಾರರು ಅದನ್ನೆಲ್ಲ ಪುಸ್ತಕವಾಗಿ ಬರೆದು, ಬಣ್ಣದ ಹಲಗೆಗಳ ನಡುವೆ ಇಟ್ಟು, ಕೆಂಪು ದಾರ ಸುತ್ತಿಡುತ್ತಿದ್ದರು.

ಆ ರಾಜ್ಯಕ್ಕೆ ಕುಟಿಲಕೇತು ಅನ್ನುವ ಮಾಂತ್ರಿಕ ಬಂದ. ರಾಜನನ್ನು ಕಲ್ಲು ಮಾಡಿ ಸಿಂಹಾಸನದ ಮೇಲೆ ಕೂತ. ಅವನಿಗಿದ್ದದ್ದು ಒಂದೇ ಹುಚ್ಚು, ಐದೆಲೆಯ ಹಳೆಯ ಪುಸ್ತಕ ಕೂಡಿಡುವುದು. ಓದುತ್ತಿದ್ದನೇ? ಎಲ್ಲಿಯ ಮಾತು. ದಾರ ಬಿಚ್ಚಿದರೆ ಪುಸ್ತಕದ ಬೆಲೆ ಹೋಯಿತು ಅನ್ನುತ್ತಿದ್ದ. ನಾಯಿಗೆ ತೆಂಗಿನಕಾಯಿ ಸಿಕ್ಕ ಹಾಗೆ. ಒಂದೇ ಪುಸ್ತಕದ ಎರಡು ಪ್ರತಿ ಸಿಕ್ಕರೆ ಹಳೆಯದನ್ನು ಇಟ್ಟುಕೊಂಡು ಇನ್ನೊಂದನ್ನು ಬೆಂಕಿಗೆ ಹಾಕುತ್ತಿದ್ದ. ಜೋಡಿಯಿಲ್ಲದ ಪುಸ್ತಕದಿಂದ ಮಾತ್ರ ಅವನ ಮಂತ್ರಕ್ಕೆ ಬಲ.

ಪುಸ್ತಕ ಮುಗಿದವು, ಆಸೆ ಮುಗಿಯಲಿಲ್ಲ. ಆಗ ಆಟಗಾರರನ್ನೇ ಹಿಡಿಸತೊಡಗಿದ. ತಲೆಯ ಮೇಲೆ ಕೈಯಿಟ್ಟರೆ ಮನುಷ್ಯ ಪುಸ್ತಕವಾಗುತ್ತಿದ್ದ. ಒಂದೇ ಗುರುವಿನ ಹತ್ತಿರ ಕಲಿತ ಅಣ್ಣತಮ್ಮಂದಿರು ಒಂದೇ ಥರದ ಪುಸ್ತಕವಾಗುತ್ತಿದ್ದರು. ಆಗ ಅಣ್ಣ ಕಪಾಟಿಗೆ, ತಮ್ಮ ಬೆಂಕಿಗೆ. ಅವನ ಪಾಪಕ್ಕೆ ಯಾವ ನರಕವೂ ಸಾಲದು.

ಪುಸ್ತಕದ ಹಲಗೆಗೆ ಬಣ್ಣ ಹಾಕಿ ಬದುಕುವ ದೇವೀರಿ ಅನ್ನುವ ಹುಡುಗಿಯಿದ್ದಳು. ಅವಳಿಗೆ ಇದ್ದವನು ಅಣ್ಣ ಚಂದಯ್ಯನೊಬ್ಬನೇ. ಊರಿಗೆಲ್ಲ ದೊಡ್ಡ ಆಟಗಾರ. ಒಂದು ದಿನ ಅವನನ್ನೂ ಎಳೆದೊಯ್ದರು. ಹೊಸಿಲ ಮೇಲೆ ಅವನ ಒಂಟಿ ಚಪ್ಪಲಿ ಉಳಿಯಿತು. ದೇವೀರಿ ಅತ್ತು ಸುಸ್ತಾಗಿ, ಮುಖ ತೊಳೆದುಕೊಂಡು ಅರಮನೆಗೆ ಹೊರಟಳು.

ಮೊದಲನೇ ಬಾಗಿಲಲ್ಲಿ ಒಂದು ಹುಲಿ. ಹೆದರಿದವರ ಬೆವರು ಮೂಸಿ ತಿನ್ನುವ ಹುಲಿ ಅದು.

"ಯಾಕೆ ಬಂದೆ?" ಎಂದಿತು.

"ಪುಸ್ತಕದ ಧೂಳು ಹೊಡೆಯೋ ಕೆಲಸ ಕೇಳೋಕೆ."

ಹುಲಿ ಅವಳ ಕತ್ತಿನವರೆಗೂ ಮೂಗು ತಂದು ಮೂಸಿತು. ದೇವೀರಿಯ ಮುಖ ಕದಲಲಿಲ್ಲ. ಹುಲಿ ದಾರಿ ಬಿಟ್ಟಿತು.

ಎರಡನೇ ಬಾಗಿಲಲ್ಲಿ ಒಂದು ಗಿಳಿ. ಸತ್ತವರ ದನಿಯಲ್ಲಿ ಮಾತಾಡುವ ಗಿಳಿ. ಅದನ್ನು ಕೇಳಿ ಕಣ್ಣೀರು ಹಾಕಿದವರು ಅಲ್ಲೇ ಬೂದಿಯಾಗುತ್ತಿದ್ದರು. ದೇವೀರಿಯ ತಾಯಿ ಅನ್ನವಿಲ್ಲದೆ ಸತ್ತವಳು. ಗಿಳಿ ಅವಳ ದನಿ ತೆಗೆಯಿತು.

"ದೇವೀರಿ, ಹೊಟ್ಟೆ ಹಸೀತದೆ ಕಣವ್ವ. ಒಂದು ತುತ್ತು ಹಾಕ್ತೀಯಾ?"

ದೇವೀರಿಯ ಮುಖ ಕದಲಲಿಲ್ಲ. ಗಿಳಿ ಬಾಯಿ ಮುಚ್ಚಿತು, ಬಾಗಿಲು ತೆರೆಯಿತು. ಒಳಗೆ ಕೆಲಸವೂ ಸಿಕ್ಕಿತು.

ಮಾಂತ್ರಿಕನ ಪುಸ್ತಕದ ಮನೆ ಮಸಣಕ್ಕಿಂತ ಕಡೆ. ಮನುಷ್ಯರಾಗಿದ್ದ ಪುಸ್ತಕಗಳು ಮುಟ್ಟಿದರೆ ಬೆಚ್ಚಗಿದ್ದವು. ಅಣ್ಣನ ಪುಸ್ತಕ ಕೈಗೆ ಸಿಕ್ಕ ದಿನ ಅವಳು ಅದನ್ನು ಎದೆಗೊತ್ತಿಕೊಂಡು, ಮತ್ತೆ ಇದ್ದಲ್ಲೇ ಇಟ್ಟಳು. ಮೂಲೆಯಲ್ಲಿ ಇನ್ನೊಂದು ಪುಸ್ತಕ ಜ್ವರ ಬಂದವರ ಮೈಯಂತೆ ಸುಡುತ್ತಿತ್ತು. ಅದರ ಧೂಳು ಕೊಡವಿದರೆ ಪಕ್ಕದ ಕೋಣೆಯಲ್ಲಿ ಕುಟಿಲಕೇತು ಕೆಮ್ಮಿದ. ದಾರ ಎಳೆದರೆ ಅವನು ಕುತ್ತಿಗೆ ಹಿಡಿದುಕೊಂಡ. ಮಾಂತ್ರಿಕ ತನ್ನ ಪ್ರಾಣವನ್ನು ಅದರಲ್ಲಿ ಬಚ್ಚಿಟ್ಟಿದ್ದಾನೆ ಅಂತ ದೇವೀರಿಗೆ ತಿಳಿಯಿತು. ಆ ಪುಸ್ತಕವನ್ನು ಅವನು ಕೈಯಿಂದ ಮುಟ್ಟುವಂತಿರಲಿಲ್ಲ, ಮಂತ್ರದ ಕಟ್ಟು ಹಾಗಿತ್ತು. ಅವಳೇ ಸುಟ್ಟರೆ? ಅವನೇ ಬೆಂಕಿಗೆ ಹಾಕಬೇಕು, ಬೇರೆಯವರು ಹಾಕಿದರೆ ಅದು ಹೊತ್ತುತ್ತಿರಲಿಲ್ಲ. ಅವಳು ಕೆಂಡಕ್ಕೆ ಹಿಡಿದು ನೋಡಿದ್ದಳು.

ದೇವೀರಿ ಅಂಥದೇ ಇನ್ನೊಂದು ಪುಸ್ತಕ ಮಾಡಿದಳು. ಅದೇ ಹಲಗೆ, ಅದೇ ಬಣ್ಣ, ಅದೇ ದಾರ. ಹೊಗೆಗೆ ಹಿಡಿದು, ಹುಣಸೆನೀರು ಸವರಿ, ಹುಳ ಕೊರೆದಂತೆ ತೂತು ಮಾಡಿ, ನಿಜದ್ದಕ್ಕಿಂತ ಹಳೆಯದಾಗಿ ಕಾಣಿಸಿದಳು. ಒಳಗೆ ಬರೀ ಖಾಲಿ ಹಾಳೆ. ಅದನ್ನು ನಿಜದ್ದರ ಪಕ್ಕ ಇಟ್ಟು, ಮಾಂತ್ರಿಕನನ್ನು ಕರೆದಳು.

"ಒಡೆಯಾ, ಇದು ಜೋಡಿ ಇದೆ."

ಕುಟಿಲಕೇತುವಿನ ಮುಖ ಸುಣ್ಣವಾಯಿತು. ಜೋಡಿ ಉಳಿದರೆ ಮಂತ್ರ ಹೋಗುತ್ತದೆ, ತಪ್ಪಾಗಿ ಸುಟ್ಟರೆ ಪ್ರಾಣ ಹೋಗುತ್ತದೆ. ಆಳುಗಳಿಂದ ಕೆಂಡದ ಬುಟ್ಟಿ ತರಿಸಿದ. ಆಮೇಲೆ ಕಪಾಟಿನಿಂದ ಚಂದಯ್ಯನ ಪುಸ್ತಕ ಎತ್ತಿಕೊಂಡ.

"ನೀನು ಇವನ ತಂಗಿ. ಬಂದ ದಿನವೇ ಗೊತ್ತು ನನಗೆ. ಹೇಳು, ನೀನು ದಿನಾ ಒರೆಸುತ್ತಿದ್ದದ್ದು ಯಾವುದು?"

"ಆ ಹಳೇದು, ಒಡೆಯಾ. ಇನ್ನೊಂದನ್ನ ಇವತ್ತೇ ನೋಡಿದ್ದು."

ಮಾಂತ್ರಿಕ ಚಂದಯ್ಯನ ಪುಸ್ತಕದ ಮೂಲೆಯನ್ನು ಕೆಂಡಕ್ಕೆ ಇಟ್ಟ. ಹೊಗೆ ಎದ್ದಿತು. ಸುಟ್ಟ ಕಾಗದದ ವಾಸನೆಯಲ್ಲ, ಮಾಂಸದ ವಾಸನೆ. ಅವನು ನೋಡುತ್ತಿದ್ದದ್ದು ಪುಸ್ತಕವನ್ನಲ್ಲ, ಅವಳ ಮುಖವನ್ನು.

"ಇನ್ನೊಂದು ಸಲ ಹೇಳು."

"ಹಳೇದೇ, ಒಡೆಯಾ."

ಅಯ್ಯೋ, ಆ ಹುಡುಗಿಯ ಹೊಟ್ಟೆಯೊಳಗೆ ಏನು ಉರಿಯುತ್ತಿತ್ತೋ ದೇವರೇ ಬಲ್ಲ. ಮುಖ ಮಾತ್ರ ಕದಲಲಿಲ್ಲ.

ಕುಟಿಲಕೇತು ಚಂದಯ್ಯನ ಪುಸ್ತಕ ಬಿಸಾಡಿದ. ಕಣ್ಣಿಗೆ ಹೊಸದಾಗಿ ಕಂಡ, ತನ್ನ ಪ್ರಾಣವಿದ್ದ ಪುಸ್ತಕವನ್ನೇ ಇಕ್ಕಳದಲ್ಲಿ ಎತ್ತಿ ಕೆಂಡಕ್ಕೆ ಹಾಕಿದ. ಕೈಯಲ್ಲಿ ಏನೂ ಇಲ್ಲದವರು ಹೇಗೆ ನಂಬಿಸುತ್ತಾರೆ ಅಂತ ಅವನ ಕಪಾಟಿನ ಒಂದೊಂದು ಪುಸ್ತಕದಲ್ಲೂ ಬರೆದಿತ್ತು. ಒಂದರ ದಾರವನ್ನಾದರೂ ಬಿಚ್ಚಿದ್ದರೆ ಬದುಕುತ್ತಿದ್ದ. ಮೊದಲು ಅವನ ಕಾಲು ಹೊತ್ತಿತು, ಆಮೇಲೆ ಎದೆ, ಆಮೇಲೆ ನಾಲಿಗೆ. ಒಂದು ಹಿಡಿ ಬೂದಿ ಉಳಿಯಿತು. ಅದನ್ನು ಗುಡಿಸಿ ಹಾಕಿದರು.

ಕೆಂಪು ದಾರಗಳು ತಾವಾಗಿ ಬಿಚ್ಚಿಕೊಂಡವು. ಪುಸ್ತಕಗಳು ಮನುಷ್ಯರಾಗಿ ಎದ್ದು ಕೂತವು. ಕಲ್ಲಾಗಿದ್ದ ರಾಜನೂ ಕಣ್ಣು ಬಿಟ್ಟ. ಮುಂಚೆಯೇ ಬೆಂಕಿಗೆ ಬಿದ್ದವರು ಮಾತ್ರ ಬರಲಿಲ್ಲ. ಅವರ ಮನೆಯವರು ಕತ್ತಲಾಗುವ ತನಕ ಅರಮನೆಯ ಬಾಗಿಲಲ್ಲಿ ಕಾದು ವಾಪಸು ಹೋದರು.

ಚಂದಯ್ಯ ಎದ್ದಾಗ ಬಲಗೈಯ ಎರಡು ಬೆರಳು ಇರಲಿಲ್ಲ. ದೇವೀರಿ ತನ್ನ ಸೆರಗು ಹರಿದು ಆ ಕೈಗೆ ಕಟ್ಟತೊಡಗಿದಳು.

"ನಾನು ಸುಡ್ತಿದ್ದದ್ದು ನಿನಗೆ ಗೊತ್ತಿತ್ತಾ?" ಅಂದ ಅಣ್ಣ.

"ಗೊತ್ತಿತ್ತು ಅಣ್ಣ."

"ಪುಸ್ತಕದೊಳಗಿಂದ ನಿನ್ನ ಮುಖ ಕಾಣ್ತಿತ್ತು. ನಾನು ಕೂಗ್ತಾನೇ ಇದ್ದೆ ತಾಯಿ. ನನ್ನ ತಂಗಿ ನನ್ನನ್ನ ಮರೆತೇಬಿಟ್ಟಳು ಅಂದ್ಕೊಂಡೆ."

ಆಗ ದೇವೀರಿಯ ಮುಖ ಕದಲಿತು. ಕಟ್ಟುತ್ತಿದ್ದ ಬಟ್ಟೆ ಕೈಜಾರಿ ಬಿತ್ತು, ಅವನ ಮಡಿಲಿಗೆ ಬಿದ್ದು ಅತ್ತಳು. ಅವನು ಉಳಿದ ಬೆರಳಲ್ಲೇ ಅವಳ ತಲೆ ಸವರಿದ. ಆಮೇಲೆ ಕಂಚಿನಕೋಟೆಯಲ್ಲಿ ಮಳೆಬೆಳೆಯಾಯಿತು, ಮದುವೆ ಮುಂಜಿ ನಡೆದವು, ಎಲ್ಲರೂ ಸುಖವಾಗಿ ಬಾಳಿದರು. ಆದರೆ ಅಣ್ಣತಂಗಿ ಮಾತ್ರ ಐದೆಲೆಯನ್ನು ಮತ್ತೆ ಕೈಯಿಂದ ಮುಟ್ಟಲಿಲ್ಲ.