ಎಣ್ಣೆಯ ಜಾಹೀರಾತು ಬಂದಾಗ

ಶಿರಾ ಪುರಸಭೆಯ ಪಾರ್ಕಿನಲ್ಲಿ ರೇಡಿಯೋ ಹಾಕುವ ಕೆಲಸ ಖಲೀಲುಲ್ಲಾನದು. ಐವತ್ತೇಳನೆಯ ಇಸವಿ. ಊರಿಗೆಲ್ಲ ರೇಡಿಯೋ ಅಂದರೆ ಅದೊಂದೇ. ಸಂಜೆ ಸರ್ಕಾರಿ ವಾರ್ತೆ ಮುಗಿದ ಮೇಲೆ ಒಂದು ಗಂಟೆ ಸಿಲೋನ್ ರೇಡಿಯೋದ ಹಾಡು ಹಾಕಲು ಅಧ್ಯಕ್ಷ ಶಂಕರಲಿಂಗಪ್ಪನವರು ಒಂದು ಷರತ್ತಿನ ಮೇಲೆ ಒಪ್ಪಿದ್ದರು.

“ಹಾಡು ಹಾಕ್ಕೊ ಕಣ್ಲಾ, ಬ್ಯಾಡ ಅನ್ನಕಿಲ್ಲ. ಆದ್ರೆ ಯಾವನೋ ಕಂಪನಿಯೋನು ಎಣ್ಣೆ ಮಾರಾಕೆ ಜನರ ಮೈಕು ಬೇಕಾ? ಜಾಹೀರಾತು ಬಂದೇಟ್ಗೆ ಸದ್ದು ಅಡಗಿಸ್ಬುಡು. ಒಂದ್ಸಲ ಕೇಳಿಸ್ತೋ, ನೀನು ಮನೆಗೋಗು.”

ಹಾಗಾಗಿ ತಲೆಗೆಣ್ಣೆಯ ಜಾಹೀರಾತು ಬಂದಾಗಲೆಲ್ಲ ಖಲೀಲುಲ್ಲಾ ಗುಂಡಿ ತಿರುಗಿಸುವನು. ಪಾರ್ಕು ಮೌನವಾಗುವುದು. ಆಗ ಅವನ ಕಣ್ಣು ತಾನಾಗಿ ಎದುರಿನ ಮಾಳಿಗೆಯ ಕಿಟಕಿಗೆ ಹೋಗುವುದು.

ಅಲ್ಲಿ ಅತ್ತರಿನ ವ್ಯಾಪಾರಿ ಅಹಮದ್ ಷರೀಫರ ಮಗಳು ಜಹೀದಾ ಪರದೆ ಸರಿಸಿ ನಿಂತಿರುವಳು. ಕೈಯ ಹಸಿರು ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತ ಎಣಿಸುವಳು. ಹನ್ನೆರಡನೆಯ ಬಳೆ ಸರಿದಾಗ ಅವನು ಸದ್ದು ಏರಿಸುವನು. ಸರಿಯಾಗಿ ಹಾಡು ಶುರುವಾಗಿರುವುದು. ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ಗುರುವಾರ ಚಿಕ್ಕಮ್ಮ ರಹಮತ್ ಬಿಯ ಜೊತೆ ದರ್ಗಾಕ್ಕೆ ಹೊರಟ ಜಹೀದಾ ಪಾರ್ಕಿನ ಗೇಟಿನ ಬಳಿ ಹಿಂದೆ ಉಳಿದಳು.

“ರೇಡಿಯೋ ಬಾಯಿ ಮುಚ್ಚಿಸೋರು ನೀವೇ ತಾನೆ?”

“ಅದರ ಬಾಯಿ ಮುಚ್ಚಿಸಿದ್ರೇನೇ ನನಗೆ ಕಿಟಕಿ ಕಾಣೋದು.”

ಬುರ್ಖಾದೊಳಗೆ ನಗು ಕೇಳಿಸಿತು. ಕೂಡಲೇ ನಿಂತಿತು.

“ಮಧುಗಿರಿಯಿಂದ ಗಂಡಿನ ಕಡೆಯೋರು ಬಂದು ಹೋಗಿದಾರೆ. ಅಬ್ಬಾ ಇನ್ನೂ ಮಾತು ಕೊಟ್ಟಿಲ್ಲ. ಬರೋ ಗುರುವಾರ ಒಂದು ದಿನ ಆ ಎಣ್ಣೆ ಮಾತು ಪೂರ್ತಿ ಕೇಳಿಸಿ.”

“ಕೆಲಸ ಹೋಗುತ್ತೆ. ಕೆಲಸ ಇಲ್ಲದವನಿಗೆ ನಿಮ್ಮಪ್ಪ ಹುಡುಗಿ ಕೊಡ್ತಾರಾ? ಅದರಲ್ಲಿ ಅಂಥದ್ದೇನಿದೆ?”

“ಹೇಳಿದ್ರೆ ಹೆದರ್ತೀರಿ. ನನ್ನ ಮಾತಿಗೆ ಮಾಡಿ.”

ಮುಂದಿನ ಗುರುವಾರ ಶಂಕರಲಿಂಗಪ್ಪನವರು ಎದುರಿನ ಬೆಂಚಿನಲ್ಲೇ ಕುಳಿತಿದ್ದರು. ಜಾಹೀರಾತು ಬಂತು. ಖಲೀಲುಲ್ಲಾ ಗುಂಡಿಯ ಮೇಲೆ ಕೈಯಿಟ್ಟು ಒಮ್ಮೆ ಬೆಂಚಿನ ಕಡೆ ನೋಡಿದ. ಕೆಲಸವಿದ್ದರಲ್ಲವೇ ಷರೀಫರ ಮುಂದೆ ನಿಲ್ಲುವುದು ಎಂದುಕೊಂಡು ತಿರುಗಿಸಿಬಿಟ್ಟ.

ಜಹೀದಾ ಬಳೆ ಎಣಿಸಲಿಲ್ಲ. ಎರಡೂ ಕೈಯಲ್ಲಿ ಕಿಟಕಿಯ ಸರಳು ಹಿಡಿದು ಅವನನ್ನೇ ನೋಡುತ್ತಿದ್ದಳು. ಸದ್ದು ಯಾವಾಗ ಏರಿಸಬೇಕೋ ಅವನಿಗೆ ತಿಳಿಯದಾಯಿತು. ಏರಿಸುವ ಹೊತ್ತಿಗೆ ಹಾಡು ಅರ್ಧ ಮುಗಿದಿತ್ತು, ಪರದೆ ಬಿದ್ದಿತ್ತು.

ತಿಂಗಳ ಮೇಲೆ ರಹಮತ್ ಬಿ ನಿಕಾಹಿನ ಕರೆ ಹೇಳಲು ಬಂದಳು. ಅವನ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮೂರು ಎಣ್ಣೆ ಬಾಟ್ಲಿ ಮೇಲಿನ ಚೀಟಿ ಕಳಿಸಿದೋರ ಹೆಸರು ಜಾಹೀರಾತಿನ ಜೊತೆ ಓದ್ತಾರೆ, ಬೇಟಾ. ಬಾಟ್ಲಿ ಮೇಲೇ ಹಂಗಂತ ಬರೆದಿದೆ. ಹುಡುಗಿ ನಿಮ್ಮಿಬ್ಬರ ಹೆಸರು ಬರೆದು ಕಳಿಸಿದ್ಲು. ಗುರುವಾರ ಓದ್ತೀವಿ ಅಂತ ಕಾಗದಾನೂ ಬಂದಿತ್ತು. ಊರೆಲ್ಲ ಕೇಳಿದ ಮೇಲೆ ಅವಳಪ್ಪ ಇನ್ನೊಬ್ಬರಿಗೆ ಹೆಂಗೆ ಕೊಡ್ತಾನೆ, ಹೇಳು?”

“ಓದಿದ್ರಾ?”

“ಕೊರಟಗೆರೇಲಿ ಮಗಳ ಮನೇಲಿ ನಾನೇ ಕೇಳಿದೆ. ಶಿರಾದ ಖಲೀಲುಲ್ಲಾ, ಜಹೀದಾ. ಎಷ್ಟು ಚೆನ್ನಾಗಿ ಓದಿದ್ರು! ನೀನೊಬ್ಬ ಕೇಳಲಿಲ್ಲ.”

ಹೆಣ್ಣನ್ನು ಕಳಿಸಿಕೊಟ್ಟ ಸಂಜೆ ಮದುವೆಯ ಕಾರು ಪಾರ್ಕಿನ ಮುಂದೆ ಬಂದಾಗ ಜಾಹೀರಾತು ಶುರುವಾಯಿತು. ಖಲೀಲುಲ್ಲಾ ಕೈ ಕಟ್ಟಿ ನಿಂತ. ಎಣ್ಣೆಯ ಗುಣಗಾನ ಬೀದಿಯೆಲ್ಲ ಮೊಳಗಿತು. ಆಮೇಲೆ ಯಾವುದೋ ಊರಿನ ಯಾರದೋ ಹೆಸರುಗಳು.

“ಲೇ, ಅಡಗ್ಸಲಾ ಅದನ್ನ!” ಎಂದು ಅಧ್ಯಕ್ಷರು ಓಡಿ ಬಂದರು.

ಅವನು ರೇಡಿಯೋ ಕೋಣೆಯ ಬೀಗದಕೈ ಅವರ ಕೈಗಿಟ್ಟ. ಕಾರಿನ ಪರದೆಯ ಸಂದಿಯಲ್ಲಿ ಮೆಹಂದಿಯ ಕೈಯೊಂದು ಕಂಡಿತು. ಬಳೆಗಳು ಒಂದೊಂದಾಗಿ ಮೇಲೆ ಸರಿಯುತ್ತಿದ್ದವು. ಏಳರವರೆಗೆ ಅವನು ಎಣಿಸಿದ. ಕಾರು ಮಧುಗಿರಿಯ ದಾರಿಗೆ ತಿರುಗಿತು.

ದೇವರ ಚಿತ್ತ ಯಾರು ಬಲ್ಲರು? ಹತ್ತು ವರ್ಷದ ಮೇಲೆ ಸರ್ಕಾರಿ ರೇಡಿಯೋ ಕೂಡ ಜಾಹೀರಾತು ಹಾಕತೊಡಗಿತು. ಈಗ ತನ್ನ ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಕುಳಿತ ಖಲೀಲುಲ್ಲಾ ಒಂದನ್ನೂ ಅಡಗಿಸುವುದಿಲ್ಲ. ಹೆಸರು ಓದುವ ಹೊತ್ತಿಗೆ ಕೈಯ ಕೆಲಸ ಕೆಳಗಿಟ್ಟು, ಕೊನೆಯ ಹೆಸರಿನವರೆಗೂ ಕೇಳುತ್ತಾನೆ.