ಸಕ್ಕರೆಯ ಬಾಗಿಲು

ಕೊಪ್ಪದಲ್ಲಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ವಾಣಿಶ್ರೀಗೆ ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. ಹಂಪಾಪುರದ ಮಗ್ಗುಲಿನ ಹಳ್ಳಿಯಿಂದ ಬೆಳಗ್ಗೆಯೇ ಹೊರಟು, ಹುಣಸೂರಿನಲ್ಲಿ ಬಸ್ ಬದಲಾಯಿಸಿ, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದಳು. ಜೇನು ಸಾಕುವ ಮಾದೇಶನ ತೋಟದ ಗೇಟು ಕಾಣುವಷ್ಟರಲ್ಲಿ ಅವೆಲ್ಲ ಖಾಲಿಯಾಗಿದ್ದವು. ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಪಂಜರ, ಅದರೊಳಗೆ ಸತ್ತ ರಾಣಿ ಜೇನು.

"ನೀವು ಕೊಟ್ಟ ರಾಣಿ ಸತ್ತೋಯ್ತು ಕಣ್ರೀ," ಎಂದಳು.

ಊರಿನ ವಾಡಿಕೆಯಂತೆ ಅವನನ್ನು ಅಣ್ಣಾ ಎನ್ನಬೇಕಿತ್ತು. ಮೊದಲ ಸಲ ಬಂದಾಗಲೂ ಅದು ನಾಲಿಗೆಗೆ ಬಂದಿರಲಿಲ್ಲ. ಯಾಕೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲೂ ಹೋಗಿರಲಿಲ್ಲ.

ಮಾದೇಶ ಪಂಜರವನ್ನು ಮೂಗಿನ ಹತ್ತಿರ ಹಿಡಿದ. ನಲವತ್ತರ ಆಸುಪಾಸಿನ ಮನುಷ್ಯ, ನಿದ್ದೆ ಸಾಲದವನ ಕಣ್ಣು. ಆ ಕಣ್ಣಿನಲ್ಲೇ ನಗು ಸುಳಿಯಿತು.

"ಕರ್ಪೂರ, ಊದಿನಕಡ್ಡಿ, ಅರಿಸಿನ. ಏನ್ ಮೇಡಂ, ಇದಕ್ಕೆ ಮದ್ವೆ ಮಾಡುದ್ರಾ?"

ಅವಳಿಗೆ ನಾಚಿಕೆಯಾಯಿತು. ಕೂತು ಎಲ್ಲ ಹೇಳಿದಳು. ಪಂಜರವನ್ನು ಪೆಟ್ಟಿಗೆಯೊಳಗೆ ಇಟ್ಟು ತಾನು ಹೊಗೆಸೊಪ್ಪಿನ ಗ್ರೇಡಿಂಗಿಗೆ ಹೋಗಿದ್ದಾಗ, ಅತ್ತೆ ಕುಳ್ಳಮ್ಮ ಅದನ್ನು ಹೊರತೆಗೆದು ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತಿದ್ದರು. ಮನೆಗೆ ಬಂದ ಹೊಸ ಹೆಣ್ಣನ್ನು ಬಾಗಿಲಲ್ಲಿ ಕೂಡಿಹಾಕುವುದು ಯಾವ ಧರ್ಮವೆಂದು ಮರುಗಿ, ಪಂಜರದ ಬಾಯಿಗೆ ಮೆತ್ತಿದ್ದ ಸಕ್ಕರೆ ಹಿಟ್ಟನ್ನು ಪೊರಕೆ ಕಡ್ಡಿಯಿಂದ ಕೆದಕಿ, ರಾಣಿಯನ್ನು ಕೈಯಾರೆ ಒಳಗೆ ಬಿಟ್ಟಿದ್ದರು. ಸಂಜೆ ನೋಡಿದರೆ ಅದು ಪೆಟ್ಟಿಗೆಯ ಬಾಗಿಲ ಮುಂದೆ ಸತ್ತು ಬಿದ್ದಿತ್ತು.

"ನಾನು ಅವತ್ತೇ ಹೇಳಿದ್ನಲ್ಲಾ," ಎಂದ ಅವನು. "ಆ ಸಕ್ಕರೇನ ಒಳಗಿನ ಜೇನ್ನೊಣಗಳೇ ತಿಂದು ದಾರಿ ಮಾಡ್ಬೇಕು. ಅಷ್ಟರಲ್ಲಿ ಇವಳ ವಾಸ್ನೆ ಅವಕ್ಕೆ, ಅವುಗಳ ವಾಸ್ನೆ ಇವಳಿಗೆ ಅಂಟ್ಕಬೇಕು. ಇಲ್ಲಾಂದ್ರೆ ಹೊರಗಿನವಳು ಅಂತ ಕೊಂದಾಕ್ತವೆ."

ಹೇಳಿದ್ದ, ನಿಜ. ಆದರೆ ಅವತ್ತು ಅವನ ಹುಬ್ಬಿನ ಮೇಲೆ ಒಂದು ಜೇನು ನಿಶ್ಚಿಂತೆಯಿಂದ ಕೂತಿತ್ತು. ಅವನು ಅದನ್ನು ಓಡಿಸದೆ ಮಾತಾಡುತ್ತಲೇ ಇದ್ದ. ವಾಣಿಶ್ರೀ ಅದನ್ನೇ ನೋಡುತ್ತಾ ಅರ್ಧ ಮಾತು ಕೇಳಿಸಿಕೊಂಡಿರಲಿಲ್ಲ. ಇದನ್ನು ಮಾತ್ರ ಅವಳು ಅವನಿಗೆ ಹೇಳಲಿಲ್ಲ.

ಇನ್ನೊಂದು ರಾಣಿ ಬೇಕೆಂದಳು. ಗಂಡ ರಘು ಕಾಯಿಲೆಯಿಂದ ತೀರಿಕೊಂಡ ಮೇಲೆ ಅವನ ಜೇನು ಪೆಟ್ಟಿಗೆಗಳು ಒಂದೊಂದಾಗಿ ಬರಿದಾಗಿ ಇದೊಂದೇ ಉಳಿದಿತ್ತು. ಅದರ ರಾಣಿಯೂ ಸತ್ತು, ಹೊಸದೊಂದನ್ನು ಬೆಳೆಸಿಕೊಳ್ಳಲು ಒಳಗೆ ಮೊಟ್ಟೆಯೂ ಇರಲಿಲ್ಲ. ಕುಳ್ಳಮ್ಮ ಬೆಳಗೆದ್ದು ಆ ಪೆಟ್ಟಿಗೆಯ ಮುಂದೆ ನಿಂತು, ಮಗನೊಡನೆ ಆಡಿದ ಹಾಗೆ ಮಾತಾಡುವವರು. ತಮ್ಮ ಕೈಯಿಂದಲೇ ಹೀಗಾಯಿತೆಂದು ಈಗ ಊಟ ಬಿಟ್ಟು ಕೂತಿದ್ದರು.

"ಈ ಸಲ ನಾನೇ ಬಂದು ಇಡ್ತೀನಿ," ಎಂದ ಮಾದೇಶ. ಅವಳ ಬೆರಳುಗಳಿಗೆ ಮೆತ್ತಿದ್ದ ಹೊಗೆಸೊಪ್ಪಿನ ಕಂದು ಜಿಗಟನ್ನು ನೋಡಿ, "ನೀವು ಪೆಟ್ಟಿಗೆ ಮುಟ್ಟೋ ಮುಂಚೆ ಈ ಕೈನ ಚೆನ್ನಾಗಿ ತಿಕ್ಕಿ ತೊಳ್ಕಳಿ. ಈ ಘಾಟು ನನಗೇ ತಡೆಯಕ್ಕಾಗ್ತಿಲ್ಲ, ಅವು ಹೆಂಗ್ ತಡ್ಕತಾವೆ," ಎಂದ.

ಹೇಳಿ ನೆಲ ನೋಡಿದ. ಅವಳು ಕೈ ಹಿಂದೆ ಕಟ್ಟಿಕೊಂಡಳು. ಎಷ್ಟೋ ದಿನದ ಮೇಲೆ ಯಾರೋ ತನ್ನ ಕೈ ನೋಡಿದ್ದರು.

ಮಾದೇಶ ಬೈಕಿನಲ್ಲಿ ಬಂದಾಗ ಹೊಲದ ಹುಚ್ಚೆಳ್ಳು ಹಳದಿಯಾಗಿ ಅರಳಿ ನಿಂತಿತ್ತು. ಪೆಟ್ಟಿಗೆ ತೆಗೆದು, ಎರಡು ಮೇಣದ ಎರಿಗಳ ನಡುವೆ ಹೊಸ ರಾಣಿಯ ಪಂಜರ ಸಿಕ್ಕಿಸಿ, ಮುಚ್ಚಳ ಮುಚ್ಚಿದ. ಕುಳ್ಳಮ್ಮ ದೂರ ನಿಂತು, ಎಷ್ಟು ದಿನ ಕಾಯಬೇಕಪ್ಪಾ ಎಂದು ಕೇಳಿದರು. ಒಳಗಿನವು ಒಪ್ಪುವವರೆಗೂ ಎಂದ. ಆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಆಮೇಲೆ ಅವನು ಹಂಪಾಪುರದ ಕಡೆ ಕೆಲಸವಿದೆಯೆನ್ನುತ್ತಾ ಬರತೊಡಗಿದ. ಅಲ್ಲಿ ಅವನಿಗೆ ಯಾವ ಕೆಲಸವೂ ಇಲ್ಲವೆಂದು ವಾಣಿಶ್ರೀಗೂ ಗೊತ್ತಿತ್ತು. ಬಂದವನು ಪೆಟ್ಟಿಗೆ ನೋಡಿ ಜಗಲಿಯಲ್ಲಿ ಕೂರುವನು. ಕುಳ್ಳಮ್ಮ ಕಾಫಿಯನ್ನು ಅಲ್ಲಿಗೇ ಕಳಿಸುವರು. ಒಳಗೆ ಬಾ ಎಂದು ಅವರು ಕರೆಯುತ್ತಿರಲಿಲ್ಲ, ಅವನೂ ಹೊಸಿಲ ಕಡೆ ತಿರುಗುತ್ತಿರಲಿಲ್ಲ.

ಹೊಸಿಲು ಕಂಡರೆ ಭಯವೇ ಎಂದು ವಾಣಿಶ್ರೀ ಒಂದು ದಿನ ಕೆಣಕಿದಳು. ಅವನು ಲೋಟವನ್ನು ಅಂಗೈಯಲ್ಲಿ ತಿರುಗಿಸಿದ.

"ಮಿರ್ಲೆ ಊರಲ್ಲಿ ಒಂದ್ ಮನೆಗೆ ಮನೆ ಅಳಿಯ ಆಗಿ ಹೋಗಿದ್ದೆ," ಎಂದ. "ಭಾರಿ ಆರತಿ ಎತ್ತಿ ಒಳಿಕ್ಕೆ ಕರ್ಕಂಡ್ರು. ಕೆಟ್ಟೋರು ಯಾರೂ ಇರ್ಲಿಲ್ಲ. ಆದ್ರೂ ನಂಗೆ ಆ ಮನೆ ವಾಸ್ನೆ ಅಂಟ್ಲೇ ಇಲ್ಲ. ಒಂದಿನ ಅವರೇ ಬ್ಯಾಗು ತಂದು ಜಗಲೀಲಿ ಇಟ್ರು."

ಆ ಹೆಂಡತಿ ಬೇರೆ ಮದುವೆಯಾಗಿ ಚೆನ್ನಾಗಿದ್ದಾಳೆ ಎಂದೂ ಹೇಳಿದ. ಸಿಟ್ಟಿರಲಿಲ್ಲ, ದಣಿವಿತ್ತು. ಆ ದಣಿವಿನ ಗುರುತು ವಾಣಿಶ್ರೀಗೆ ಚೆನ್ನಾಗಿ ಇತ್ತು. ಅವಳಿಗೆ ಅವನ ತಲೆ ಸವರಬೇಕು ಅನ್ನಿಸಿತು. ಲೋಟ ಇಸಿದುಕೊಂಡು ಎದ್ದಳು.

ಪಂಜರದ ಬಾಯಿಯ ಸಕ್ಕರೆಯನ್ನು ಒಳಗಿನ ನೊಣಗಳೇ ತಿಂದು ಮುಗಿಸಿದವು. ರಾಣಿ ತಾನೇ ನಡೆದು ಎರಿಯ ಮೇಲೆ ಇಳಿಯಿತು, ಯಾವ ನೊಣವೂ ಅದರ ಮೈಮೇಲೆ ಬೀಳಲಿಲ್ಲ. ಇನ್ನು ಮೊಟ್ಟೆ ಇಟ್ಟರೆ ಗೆದ್ದಂತೆ ಎಂದಿದ್ದ ಮಾದೇಶ.

ಅದನ್ನು ನೋಡಲು ಅವನು ಬಂದ ದಿನ ವಾಣಿಶ್ರೀ ಗ್ರೇಡಿಂಗ್ ಶೆಡ್ಡಿನಿಂದ ಓಡೋಡಿ ಬಂದಳು, ಕೈ ತೊಳೆಯಲೂ ನಿಲ್ಲಲಿಲ್ಲ. ಅವನು ಎರಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದಿದ್ದ. ಕೈ ಬೆನ್ನ ಹಿಂದೆ ಇಟ್ಟುಕೊಂಡು, ಅವನ ತೋಳಿಗೆ ತಾಗದಷ್ಟೇ ಹತ್ತಿರ ಬಗ್ಗಿದಳು. ಪ್ರತಿ ಕೋಣೆಯ ತಳದಲ್ಲಿ ನೂಲಿನ ಚೂರಿನಷ್ಟು ಬಿಳಿ ಮೊಟ್ಟೆ. ಸಂತೋಷದಿಂದ ತಲೆಯೆತ್ತಿದರೆ ಅವನು ಮೊಟ್ಟೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ತಟ್ಟನೆ ಎರಿಯನ್ನು ಪೆಟ್ಟಿಗೆಗೆ ಇಳಿಸಿದ.

"ಇನ್ನು ನಾನು ಬರೋ ಕೆಲ್ಸ ಇಲ್ಲ," ಎಂದ.

ಸಂತೋಷವೆಲ್ಲ ಒಮ್ಮೆಗೇ ಇಳಿದುಹೋಯಿತು. ಪೆಟ್ಟಿಗೆ ಉಳಿದಿತ್ತು, ಅತ್ತೆ ಮತ್ತೆ ಉಣ್ಣುತ್ತಿದ್ದರು. ನಾಳೆಯಿಂದ ಅವಳಿಗೆ ಶೆಡ್ಡು, ಒಲೆ, ನಿದ್ದೆ ಅಷ್ಟೇ. ಜಗಲಿಯ ತುದಿಯಲ್ಲಿ ಕುಸಿದು ಕೂತಳು. ಎಲ್ಲವನ್ನೂ ನುಂಗಿಕೊಂಡೇ ಬದುಕಿ ಆಯಾಸವಾಗಿತ್ತು, ಇದೊಂದನ್ನೂ ನುಂಗಲು ಅವಳಿಂದ ಆಗಲಿಲ್ಲ.

"ನಂಗೆ ಎಲ್ಲಾ ಸಾಕಾಗ್‌ಬುಟ್ಟದೆ ಕಣ್ರೀ," ಎಂದಳು. "ನೀವು ಬತ್ತೀರಿ ಅಂತ ಗೊತ್ತಿರೋ ದಿನ ಮಾತ್ರ ಸಾಕು ಅನ್ಸಲ್ಲ."

ಮಾದೇಶ ನಿಂತಲ್ಲೇ ನಿಂತ. "ನನ್ ಮನೆಗೆ ಬನ್ನಿ ಅನ್ನಾಣ ಅಂತ ಎಷ್ಟೋ ಸಲ ಬಾಯಿಗ್ ಬಂತು. ನೀವು ಅವ್ರನ್ನ ಬುಟ್ಟು ಬರಲ್ಲ, ಗೊತ್ತು."

"ಬರಾಕಿಲ್ಲ."

"ನಂಗೂ ಇನ್ನೊಂದ್ ಮನೆ ಹೊಗಕ್ಕೆ ಧೈರ್ಯ ಇಲ್ಲ ವಾಣಿಯವ್ರೆ."

ಇಬ್ಬರೂ ನಿಜವನ್ನೇ ಹೇಳಿದ್ದರು. ಆಗಲೇ ವಾಣಿಶ್ರೀಗೆ ಹೊಳೆದದ್ದು, ಇವತ್ತು ಜಗಲಿಗೆ ಕಾಫಿ ಬಂದಿಲ್ಲ ಎಂದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರೇ ಎಂದು ಬಾಗಿಲ ಕಡೆ ತಿರುಗಿದಳು.

ಒಳಗಿನಿಂದ ಕುಳ್ಳಮ್ಮನ ದನಿ ಕೇಳಿತು.

"ಕಾಫಿ ಇಲ್ಲೇ ಒಲೆತಾವ ಮಡಗಿವ್ನಿ ಕಣಪ್ಪ. ಕುಡುದ್ಬುಟ್ಟು ಓಗು. ನಾಳಿಕ್ಕೂ ಇಲ್ಲೇ ಮಡುಗ್ತೀನಿ, ನಾಳಿದ್ದೂವೆ. ನಿಂಗೆ ಈ ಮನೆ ವಾಸ್ನೆ ಯಾವಾಗ ಅಂಟ್ಕತದೋ ಅಂಟ್ಕಳ್ಳಿ. ಆರತಿಗೀರತಿ ಏನೂ ಎತ್ತಾಕಿಲ್ಲ ನಾನು."

ಕೊನೆಯ ಮಾತಿಗೆ ದನಿ ಒಡೆದಿತ್ತು. ಮಗನ ಮನೆಯೊಳಕ್ಕೆ ಇನ್ನೊಬ್ಬನನ್ನು ಕರೆಯಲು ಆ ಜೀವಕ್ಕೆ ಎಷ್ಟು ಕಷ್ಟವಾಗಿರಬಹುದೆಂದು ನೆನೆದು ವಾಣಿಶ್ರೀ ಅತ್ತುಬಿಟ್ಟಳು.

ಮಾದೇಶ ಹೊಸಿಲನ್ನು ನೋಡಿದ. ಆಮೇಲೆ ಬಗ್ಗಿ ಚಪ್ಪಲಿ ಕಳಚಿ, ಅವಳ ಕಡೆಗೆ ಕೈ ಚಾಚಿದ. ಅವಳು ತನ್ನ ಅಂಗೈ ನೋಡಿಕೊಂಡು ಹಿಂದೆ ಸರಿದಳು.

"ತಡೀರಿ, ಕೈ ತೊಳ್ಕಂಡು ಬತ್ತೀನಿ."

"ಅಂಗೇ ಬನ್ನಿ," ಎಂದು ಅವನು ಆ ಜಿಗಟು ಕೈಯನ್ನೇ ಹಿಡಿದುಕೊಂಡ.