ಮೂರನೆಯ ದಿನದ ಬಾವು

ಗೋಕಾಕದ ಆ ಹಲ್ಲಿನ ದವಾಖಾನೆಗೆ ಬರುವವರೆಲ್ಲ ಶೈಲಾಳನ್ನು ಸಿಸ್ಟರ್ ಎಂದೇ ಕರೆಯುವರು. ಎಪ್ಪತ್ತು ದಾಟಿದ ಮುದುಕರಿಗೂ ಅವಳು ಸಿಸ್ಟರ್, ಹಾಲುಹಲ್ಲು ಕೀಳಿಸಿಕೊಳ್ಳಲು ಬಂದ ಮಕ್ಕಳಿಗೂ ಸಿಸ್ಟರ್. ನಾಗನೂರಿನ ಕುರಿಗಾರ ಮಾಲಿಂಗ ಮಾತ್ರ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಹಾಗೆ ಕರೆದವನಲ್ಲ. ಅವನದೇನಿದ್ದರೂ ‘ಶೈಲಾ ಮೇಡಂ’.

“ಯಾಕ್ರಿ, ಸಿಸ್ಟರ್ ಅನ್ನಾಕ ನಿಮ್ಮ ನಾಲಿಗಿ ಹೊಳ್ಳೂದಿಲ್ಲೇನು?” ಎಂದು ಅವಳು ಒಂದು ದಿನ ಕೇಳಿಯೇಬಿಟ್ಟಳು.

“ನಾಲಿಗಿ ಹೊಳ್ಳತೈತ್ರಿ. ಮನಸ್ಸು ಒಲ್ಲೆ ಅಂತೈತಿ.”

ಹಾಗೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕ. ಮುಂದಿನ ಎರಡು ಹಲ್ಲು ಇರಲಿಲ್ಲವಲ್ಲ, ಅದಕ್ಕೆ. ಬಾಯಿ ಮುಚ್ಚಿದರೇನಾಯಿತು, ಕಣ್ಣು ಮುಚ್ಚುವುದು ಅವನಿಗೆ ಹೊಳೆದಿರಲಿಲ್ಲ. ಶೈಲಾ ಆ ಕಣ್ಣನ್ನು ನೋಡಿ, ನೋಡಿಲ್ಲವೆಂಬಂತೆ ಚೀಟಿಯ ಮೇಲೆ ಅವನ ಹೆಸರು ಬರೆದಳು. ಹೆಸರಿನ ಕೊನೆಗೆ ಬೇಡದ ಒಂದು ಚುಕ್ಕೆಯೂ ಬಿತ್ತು.

ಆ ಹಲ್ಲು ಹೋದ ಕಥೆ ದವಾಖಾನೆಗೆಲ್ಲ ಗೊತ್ತಿತ್ತು. ಟಗರಿನ ಗೊರಸು ಕೊರೆಯುತ್ತಿದ್ದಾಗ ಅದು ತಲೆ ಎತ್ತಿ ಒಂದೇ ಗುದ್ದು ಗುದ್ದಿತ್ತು. ಡಾಕ್ಟರ್ ಶಹನಾಜ ಉಳಿದ ಬೇರುಗಳನ್ನು ತೆಗೆದು, ಎಲುಬು ಗಟ್ಟಿಯಾದ ಮೇಲೆ ಇಂಪ್ಲಾಂಟ್, ಅಂದರೆ ಹೊಸ ಹಲ್ಲಿಗೆ ಲೋಹದ ಬೇರು, ಕೂರಿಸೋಣ ಎಂದಿದ್ದರು. ಆ ನಾಲ್ಕು ತಿಂಗಳಲ್ಲಿ ತೋರಿಸಿಕೊಂಡು ಹೋಗಲು ಎರಡು ಸಲ ಬಂದಿದ್ದರೆ ಸಾಕಿತ್ತು. ಅವನು ಏಳು ಸಲ ಬಂದಿದ್ದ.

“ಹಲ್ಲು ಊಟಕ್ಕಲ್ರಿ ಮೇಡಂ, ಸಿಳ್ಳಿಗೆ ಬೇಕು. ನನ್ನ ಕುರಿಗೆ ಮಾತು ತಿಳಿಯಂಗಿಲ್ಲ, ಸಿಳ್ಳು ತಿಳೀತೈತಿ. ಕರಿಯಾಕ ಒಂದು, ನಿಲ್ಲಸಾಕ ಒಂದು, ಸಂಜೀಕ ‘ನಡೀರಿ, ಮನಿಗೆ ಹೋಗೂಣು’ ಅನ್ನಾಕ ಒಂದು.”

ಮನೆಗೆ ಕರೆಯುವ ಆ ಮೂರನೆಯ ಸಿಳ್ಳು ಹೇಗಿರುತ್ತದೆಂದು ಅವಳು ಕೇಳಿದಳು. ಊದಲು ಹಲ್ಲಿಲ್ಲ. ಅವಳ ಮೇಜಿನ ಮೇಲೆ ಬೆರಳಿನಿಂದ ತೋರಿಸಿದ: ಒಂದು ಉದ್ದ ಗೆರೆ, ಆಮೇಲೆ ಎರಡು ಸಣ್ಣ ಬಡಿತ.

ಅವನು ಹೋದ ಮೇಲೆ ಶೈಲಾ ಅದೇ ಜಾಗದಲ್ಲಿ ಬೆರಳಿಟ್ಟು ಹಾಗೆಯೇ ಬಡಿದು ನೋಡಿದಳು. ಯಾರೂ ನೋಡಲಿಲ್ಲ ಅಂದುಕೊಂಡಳು. ಡಾಕ್ಟರ್ ಶಹನಾಜ ನೋಡಿದ್ದರು.

ಗುರುವಾರ ಬೆಳಿಗ್ಗೆ ಇಂಪ್ಲಾಂಟ್ ಕೂರಿಸಿದರು. ಗಂಟೆಯೊಳಗೆ ಕೆಲಸ ಮುಗಿಯಿತು. ಬಾಯಿ ಮರಗಟ್ಟಿದ್ದರೂ ಮಾಲಿಂಗನ ಗತ್ತು ಮರಗಟ್ಟಿರಲಿಲ್ಲ. ಶೈಲಾ ಅವನ ಎದುರು ಕುಳಿತು, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. ಇವನಿಗೆ ಸ್ವಲ್ಪ ನಿಧಾನವಾಗಿ ಹೇಳಿದಳು, ಅಷ್ಟೇ.

“ಲಕ್ಷ್ಯ ಕೊಟ್ಟ ಕೇಳ್ರಿ. ಇವತ್ತು, ನಾಳೆ ಅರಿಬ್ಯಾಗ ಬರ್ಫ ಸುತ್ತಿ ಗಲ್ಲದ ಮ್ಯಾಲೆ ಇಡ್ರಿ. ಇಪ್ಪತ್ತ ನಿಮಿಷ ಇಡೂದು, ಇಪ್ಪತ್ತ ನಿಮಿಷ ಬಿಡೂದು. ಬಿಸಿ ಏನೂ ಬ್ಯಾಡ. ತಣ್ಣನ ಅಂಬಲಿ, ಮಜ್ಜಿಗಿ, ಮೆತ್ತಗ ಕುದಿಸಿದ ನುಚ್ಚು. ಉಗುಳಬ್ಯಾಡ್ರಿ, ಪೈಪ್ ಹಚ್ಚಿ ಹೀರಬ್ಯಾಡ್ರಿ. ಮಲಗೂವಾಗ ಎರಡ ತಲಿದಿಂಬು. ನಾಳೆಯಿಂದ ಉಪ್ಪಿನ ನೀರು ಬಾಯಾಗ ಮೆಲ್ಲಕ ಆಡಿಸಿ ಬಿಡ್ರಿ. ಬಾವು ಮೂರನೇ ದಿನದತನ ಏರತೈತಿ, ಆಮ್ಯಾಗ ಇಳೀತೈತಿ. ಅಂಜಬ್ಯಾಡ್ರಿ. ಆಮ್ಯಾಗೂ ಏರಿದ್ರ, ಜ್ವರ ಬಂದ್ರ, ಕೀವು ಕಂಡ್ರ, ರಕ್ತ ನಿಲ್ಲದಿದ್ರ ಫೋನ್ ಮಾಡ್ರಿ.”

“ಸಿಳ್ಳು?”

“ಹಲ್ಲು ಕೂಡೂತನ ಸಿಳ್ಳಿನ ಹೆಸರ ತಗೀಬ್ಯಾಡ್ರಿ. ಕರದಂಟಿನ ಹೆಸರೂ.”

“ಗೋಕಾಕಕ್ಕ ಬಂದು ಕರದಂಟ ತಿನ್ನಬ್ಯಾಡ ಅಂತೀರಲ್ರಿ! ಹಲ್ಲು ಯಾವಾಗ ಕೂಡತಾವು?”

“ಇನ್ನೂ ನಾಲ್ಕ ತಿಂಗಳು.”

ಅವನು ಎದ್ದು ಬಾಗಿಲ ತನಕ ಹೋದವನು ತಿರುಗಿ ನಿಂತ. “ಹಲ್ಲು ಕೂತ ದಿನ ನಿಮಗೊಂದ ಮಾತು ಹೇಳೂದೈತ್ರಿ.”

“ಈಗ ಹೇಳ್ರಿ.”

“ಉಹೂಂ. ಹಲ್ಲಿಲ್ಲದ ಬಾಯಾಗ ಹೇಳೂವಂಥಾ ಮಾತಲ್ಲದು. ಕುರಿ ಕಾಯಾಂವಗ ನಾಲ್ಕ ತಿಂಗಳು ಏನ್ ದೊಡ್ಡದ್ರಿ?”

ಅವನಿಗೆ ದೊಡ್ಡದಲ್ಲ. ಶೈಲಾಳ ಬಳಿ ಇದ್ದದ್ದು ನಾಲ್ಕೇ ದಿನ. ಹುಕ್ಕೇರಿಯಲ್ಲಿರುವ ಅವಳ ಅಪ್ಪ ಕಲ್ಲಪ್ಪ ಒಂದು ಸಂಬಂಧ ನೋಡಿದ್ದ. ಹುಡುಗ ಮುತ್ತಪ್ಪ, ಹಿಡಕಲ್ ಡ್ಯಾಮಿನಲ್ಲಿ ನೌಕರಿ, ಒಳ್ಳೆಯವನು. ಭಾನುವಾರ ನಾಲ್ಕು ಗಂಟೆಗೆ ಅವರು ಮಾತು ಮುಗಿಸಲು ಬರುವವರಿದ್ದರು. ಒಳ್ಳೆಯವನಿಗೆ ಬೇಡವೆನ್ನಲು ಕಾರಣ ಬೇಕು. ಕಾರಣ ಬಾಗಿಲಲ್ಲಿ ನಿಂತು, ನಾಲ್ಕು ತಿಂಗಳ ವಾಯಿದೆ ಹೇಳಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋಯಿತು.

ಪೇಶಂಟುಗಳಿಗೆ ಸಂಜೆ ಫೋನು ಮಾಡಿ ವಿಚಾರಿಸುವುದು ಶೈಲಾಳ ಕೆಲಸ. ಗುರುವಾರ ಸಂಜೆ ಮಾಲಿಂಗ, “ಆರಾಮ ಅದೇನ್ರಿ, ಹುಲಿ ಇದ್ದಂಗ” ಎಂದ. ಶುಕ್ರವಾರ ಹುಲಿಯ ಧ್ವನಿ ದಪ್ಪವಾಗಿತ್ತು. ಮುಖದ ಫೋಟೋ ಕಳಿಸಿರಿ ಎಂದಳು. ಬಂದದ್ದು ಒಂದು ಕರಿ ಕುರಿಯ ಫೋಟೋ. ಅವಳು ನಕ್ಕಳು. ಆದರೆ ನಗು ಪೂರ್ತಿ ಬರಲಿಲ್ಲ. ಮುಖ ತೋರಿಸಲೊಲ್ಲದವನ ಮುಖದಲ್ಲಿ ಏನೋ ಆಗಿದೆ ಎಂಬುದು ಆ ಕೆಲಸದಲ್ಲಿ ಎಂಟು ವರ್ಷ ಕಳೆದವಳಿಗೆ ತಿಳಿಯದೇ ಇರುತ್ತದೆಯೇ? ಶನಿವಾರ ಮೂರು ಸಲ ಫೋನು ಮಾಡಿದಳು. ಅವನು ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸೂ ನಿಂತಿತ್ತು, ನಾಗನೂರಿನ ಮೇಲೆ ಹೋಗುವ ಮೂಡಲಗಿ ಬಸ್ಸೂ ನಿಂತಿತ್ತು. ಹುಕ್ಕೇರಿಯ ಕಂಡಕ್ಟರ್ ಅವಳ ಪರಿಚಯದವನು. “ಬರ್ರಿ ಅಕ್ಕಾರ, ಸೀಟ್ ಹಿಡದೇನಿ” ಎಂದು ಕೂಗಿದ. ಶೈಲಾ ಚೀಲ ಎತ್ತಿಕೊಂಡು ಅವನ ಮುಂದೆಯೇ ಹಾದು, ಮೂಡಲಗಿ ಬಸ್ಸು ಹತ್ತಿ ಕಿಟಕಿಯ ಬಳಿ ಕುಳಿತಳು. ಕುಳಿತ ಮೇಲೆ ಅಪ್ಪನಿಗೆ ಫೋನು ಹಚ್ಚಿದಳು.

“ಅಪ್ಪಾ, ಒಂದ ಪೇಶಂಟ್ ನೋಡೂದೈತಿ. ಎರಡ ಗಂಟೇಕ ನಾನ ಫೋನ್ ಮಾಡ್ತೇನಿ. ಅಲ್ಲೀತನ ಹಿಡಕಲ್‌ನವರಿಗೆ ಹೂಂ ಅನಬ್ಯಾಡ.”

“ಆಯ್ತಾರ ಸೂಟಿ ಇಲ್ಲೇನ ನಿಮ್ಮ ದವಾಖಾನಿಗೆ?”

“ದವಾಖಾನಿಗೆ ಐತಿ. ಬಾವು ಸೂಟಿ ತಗೊಳ್ಳೂದಿಲ್ಲ.”

“ಎರಡ ಅಂದ್ರ ಎರಡ ನೋಡವಾ. ಮಂದೀನ ಹಾದ್ಯಾಗ ತಿರುಗಿಸಿ ಕಳಿಸಿದ್ರ ಚೆಂದ ಕಾಣಂಗಿಲ್ಲ” ಎಂದ ಕಲ್ಲಪ್ಪ.

ನಾಗನೂರಿನಲ್ಲಿ ಇಳಿದು ಬೇವಿನ ಕಟ್ಟೆಯ ಮೇಲಿದ್ದ ಊರ ಮುದುಕ ಉದ್ದಪ್ಪಜ್ಜನಿಗೆ ಮಾಲಿಂಗನ ಮನೆ ಯಾವುದೆಂದು ಕೇಳಿದಳು.

“ಯಾವ ಮಾಲಿಂಗ? ಕುಂಬಳಕಾಯಿ ಮಾರಿ ಮಾಲಿಂಗನ?” ಎಂದ ಅಜ್ಜ. “ಕೆನಾಲ್ ದಂಡಿಗೆ ಹೋಗವಾ. ನೋಡಿ ಅಂಜಬ್ಯಾಡ.”

ಶೈಲಾಳ ಕಾಲು ತಾನಾಗಿ ಬಿರುಸಾಯಿತು.

ಅಂಗಳದಲ್ಲಿ ಮಾಲಿಂಗನ ತಾಯಿ ಸಾವಿತ್ರವ್ವ ಹಂಚಿನ ಮೇಲೆ ಎಕ್ಕದ ಎಲೆ ಬಾಡಿಸುತ್ತ ಕುಳಿತಿದ್ದಳು. ಪಕ್ಕದಲ್ಲಿ ಔಡಲೆಣ್ಣೆಯ ಬಟ್ಟಲು. ಕುರಿಯ ಕೆಚ್ಚಲು ಬಾತಾಗ ಆ ಮನೆಯಲ್ಲಿ ಅಜ್ಜಿಯ ಕಾಲದಿಂದ ಮಾಡಿಕೊಂಡು ಬಂದ ಮದ್ದು ಅದು. ಬದಿಗೆ ಹೊರಸಿನ ಮೇಲೆ ತಲೆಯ ತುಂಬ ಕಂಬಳಿ ಹೊದ್ದ ಒಂದು ಗುಪ್ಪೆ ಕುಳಿತಿತ್ತು.

“ದವಾಖಾನಿಯಿಂದ ಬಂದೇನ್ರಿ ಅವ್ವಾ,” ಎಂದಳು ಶೈಲಾ.

ಗುಪ್ಪೆ ಬೆಚ್ಚಿ ಗೋಡೆಯ ಕಡೆ ತಿರುಗಿತು. ಒಳಗಿನಿಂದ ದಪ್ಪ ದನಿ ಬಂತು: “ನೋಡಬ್ಯಾಡ್ರಿ.”

“ಬಾವು ನೋಡಾಕನ ನನಗ ಪಗಾರ ಕೊಡ್ತಾರ. ಕಂಬಳಿ ತಗೀರಿ.”

“ಒಲ್ಲೆ.”

“ಟಗರಿನ ಮುಂದ ಕುಂತಾವ್ರು, ನನ್ನ ಮುಂದ ಅಂಜತೀರೇನು?”

ಅದಕ್ಕೆ ಅವನ ಗತ್ತು ತಡೆಯಲಿಲ್ಲ. ಕಂಬಳಿ ಸರಿಸಿದ. ಶೈಲಾ ತುಟಿ ಕಚ್ಚಿ ಹಿಡಿದಳು. ನಗು ತಡೆಯಲೋ, ಅಳು ತಡೆಯಲೋ, ಅವಳಿಗೇ ತಿಳಿಯಲಿಲ್ಲ. ಎಡಗೆನ್ನೆ ಸ್ವಲ್ಪ ಬಾತಿತ್ತು, ಅಷ್ಟೇ. ಬಲಗೆನ್ನೆ ಮಾತ್ರ ಕಣ್ಣಿನ ತನಕ ಏರಿ, ಆ ಕಣ್ಣು ಸಣ್ಣ ಸಂದಿಯಾಗಿತ್ತು. ಮೇಲಿನ ತುಟಿ ಒಂದೇ ಕಡೆ ಉಬ್ಬಿ ನಿಂತಿತ್ತು. ಒಂದೇ ಗಾಯಕ್ಕೆ ಎರಡು ನಮೂನೆ ಬಾವು ಅವಳು ಎಂಟು ವರ್ಷದಲ್ಲಿ ಕಂಡಿರಲಿಲ್ಲ.

“ಏನ್ ಮಾಡಿದ್ರಿ?”

ಮಾಲಿಂಗ ತಾಯಿಯ ಕಡೆ ನೋಡಿದ, ಇವಳ ಕಡೆ ನೋಡಿದ. “ನೀವು ಬರ್ಫ ಅಂದ್ರಿ. ಅವ್ವ ಶಾಖಾ ಅಂದ್ಳು. ಇಬ್ರ ಮಾತೂ ಮೀರಾಕ ಆಗಲಿಲ್ರಿ. ಎಡಕ್ಕ ಅಂಗಡಿ ಫ್ರಿಜ್ಜಿನ ಬರ್ಫ ಇಟ್ಟೆ, ಬಲಕ್ಕ ಎಕ್ಕಿ ಎಲಿ.”

“ಯಾವಾಗಿಂದ?”

“ಗುರುವಾರ ಸಂಜೀಕಿಂದ.”

ಅಂದರೆ ಹುಲಿ ಇದ್ದಂಗ ಅದೇನಿ ಎಂದು ಫೋನಿನಲ್ಲಿ ಹೇಳುವಾಗ ಒಂದು ಗಲ್ಲದ ಮೇಲೆ ಇವಳಿದ್ದಳು, ಇನ್ನೊಂದರ ಮೇಲೆ ತಾಯಿ ಇದ್ದಳು.

ಶೈಲಾ ಕೈ ತೊಳೆದು, ಚೀಲದಿಂದ ಗ್ಲೌಸ್ ತೆಗೆದು ಹಾಕಿಕೊಂಡಳು. ಮೊಬೈಲಿನ ಬೆಳಕಿನಲ್ಲಿ ಬಾಯಿ ನೋಡಿದಳು. ಹೊಲಿಗೆ ಗಟ್ಟಿಯಾಗಿತ್ತು, ಕೀವಿರಲಿಲ್ಲ. ಥರ್ಮಾಮೀಟರಿನಲ್ಲಿ ಜ್ವರ ಏರಿರಲಿಲ್ಲ. ಕೊಟ್ಟ ಗುಳಿಗೆಗಳನ್ನು ಮಾತ್ರ ಲೆಕ್ಕ ತಪ್ಪದೆ ನುಂಗಿದ್ದ. ವಿಡಿಯೋದಲ್ಲಿ ಡಾಕ್ಟರ್ ಶಹನಾಜರಿಗೆ ತೋರಿಸಿದಳು. ಅವರು, “ಕೆಟ್ಟಿಲ್ಲ, ಇಳೀತೈತಿ. ನಾಳೆ ಮುಂಜಾನೆ ಕರಕೊಂಡ ಬಾ” ಎಂದರು. ಆಮೇಲೆ, “ನಿನ್ನ ಸೂಟಿ ಭಾಳ ಚಲೋ ನಡದೈತಿ” ಎಂದು ಸೇರಿಸಿ ಫೋನಿಟ್ಟರು.

ಸಾವಿತ್ರವ್ವನ ಮುಖ ಸಣ್ಣದಾಗಿತ್ತು. “ನನ್ನ ಔಷಧ ತಪ್ಪಾತೇನವಾ? ನೂರ ಕುರಿಗೆ ಇಳದೈತಿ.”

“ಔಷಧ ತಪ್ಪಲ್ರಿ ಅವ್ವಾ, ಕೊಟ್ಟ ದಿನ ತಪ್ಪು. ಗಾಯ ಹಸೀ ಇದ್ದಾಗ ಶಾಖಾ ಕೊಟ್ರ ರಕ್ತ ಅಲ್ಲೇ ನುಗ್ಗಿ ಬಾವು ಏರತೈತಿ. ಎರಡ ದಿನ ತಂಪು ಇಡಬೇಕು. ಮೂರನೇ ದಿನದಿಂದ ಬೆಚ್ಚನ ಶಾಖಾ ಕೊಡಬೇಕು, ಆಗ ಕರಗತೈತಿ. ಗುರುವಾರ ಬಿಟ್ಟು ಎಣಿಸಿದ್ರ ಇವತ್ತ ಮೂರನೇ ದಿನ. ಇನ್ನ ಮ್ಯಾಗ ನಿಮ್ಮ ಕೈ ನಡೀಲಿ. ಎಕ್ಕಿ ಹಾಲು ಕಣ್ಣಿಗೆ ಹತ್ತಿದ್ರ ಕೆಟ್ಟದ್ದು, ಅದೊಂದು ಬ್ಯಾಡ. ಬಿಸಿನೀರಾಗ ಅರಿಬಿ ಎದ್ದಿ, ಹಿಂಡಿ, ಸುಡದಂಗ ಇಡ್ರಿ. ಎರಡೂ ಕಡೆ.”

ಸಾವಿತ್ರವ್ವ ಅವಳನ್ನು ಮೇಲಿನಿಂದ ಕೆಳಗಿನ ತನಕ ನಿಧಾನಕ್ಕೆ ನೋಡಿದಳು. “ಇಷ್ಟ ಮಾತು ಫೋನಿನ್ಯಾಗ ನನಗ ಹೇಳಿದ್ರೂ ನಡೀತಿತ್ತಲ್ಲವಾ?”

ಶೈಲಾ ಗ್ಲೌಸ್ ಕಳಚಿ ಚೀಲಕ್ಕೆ ತುರುಕಿದಳು. ಮುದುಕಿ ನಕ್ಕು, “ಅಂಬಲಿ ಆರಿಸಿ ತರ್ತೇನಿ. ನಾ ಕೂಗೂತನ ಒಳಗ ಬರಬ್ಯಾಡ್ರಿ” ಎಂದು ಎದ್ದುಹೋದಳು.

ಅಂಗಳದಲ್ಲಿ ಇಬ್ಬರೇ ಉಳಿದರು. ದೊಡ್ಡಿಯಲ್ಲಿ ಮರಿಗಳು ಒದರುತ್ತಿದ್ದವು. ಶೈಲಾ ಗಡಿಯಾರ ನೋಡಿದಳು. ಒಂದೂವರೆ.

“ನಾಲ್ಕ ಗಂಟೇಕ ಹಿಡಕಲ್‌ನವರು ನನ್ನ ನೋಡಾಕ ಹುಕ್ಕೇರಿಗೆ ಬರ್ತಾರ,” ಎಂದಳು. “ನೋಡಾಕ ಅಂದ್ರ, ಮಾತ ಮುಗಸಾಕ.”

ಮಾಲಿಂಗನ ಒಳ್ಳೆಯ ಕಣ್ಣು ಅರಳಿತು. ಬಾತ ಕಣ್ಣೂ ಅರಳಲು ನೋಡಿ, ಆಗದೆ ಸೋತಿತು. “ಮತ್ತ ನೀವು ಇಲ್ಲಿ…”

“ಹೂಂ. ಇಲ್ಲಿ.”

“ಹಲ್ಲು ಕೂತ ಮ್ಯಾಲೆ ಹೇಳೂಣು ಅಂತ…” ಎಂದು ತೊದಲಿದ. ಯಾವತ್ತೂ ತೊದಲಿದವನಲ್ಲ ಅವನು.

“ಶಾಖಾ ಎರಡ ದಿನ ಮೊದಲ ಕೊಟ್ರಿ. ಮಾತು ನಾಲ್ಕ ತಿಂಗಳು ತಡಾ ಮಾಡಾಕತ್ತೀರಿ. ಔಷಧ ಎಷ್ಟ ಖರೆ ಇದ್ರೂ ದಿನ ತಪ್ಪಿದ್ರ ಉಪಯೋಗಿಲ್ರಿ.”

ಮಾಲಿಂಗ ಬಾಯಿ ಮುಚ್ಚಿಕೊಳ್ಳಲು ಅಂಗೈ ಎತ್ತಿದ. ಶೈಲಾ ಆ ಕೈಯನ್ನು ನಡುವೆಯೇ ಹಿಡಿದು ಕೆಳಗಿಳಿಸಿದಳು. ಇಳಿಸಿದ ಮೇಲೆ ಬಿಡಲಿಲ್ಲ. ಕಂಬಳಿಯ ನೂಲು, ಕುರಿಯ ತುಪ್ಪಟ, ಹುಲ್ಲು ಎಲ್ಲದರ ಒರಟು ಆ ಅಂಗೈಯಲ್ಲಿತ್ತು.

“ಶೈಲಾ,” ಎಂದ. ಮೇಡಂ ಇಲ್ಲದೆ, ಮೊದಲ ಸಲ. “ಈ ಮಾರಿ ನೋಡಿದ ಮ್ಯಾಲೂ ನನ್ನ ಲಗ್ನಾ ಆಗ್ತಿ ಏನು?”

“ಈ ಮಾರಿ ನೋಡೇನಲ್ಲ. ಇನ್ನ ಮುಂದ ಇದಕ್ಕಿಂತ ಕೆಟ್ಟದ್ದು ಏನ್ ತೋರಸ್ತೀರಿ?”

ಅವನು ನಗಲು ಹೋದ. ತುಟಿ ಎಳೆದು ನೋವಾಯಿತು. ಆದರೂ ನಕ್ಕ.

ಎರಡಕ್ಕೆ ಐದು ನಿಮಿಷವಿದ್ದಾಗ ಅಪ್ಪನಿಗೆ ಫೋನು ಹೋಯಿತು.

“ಅಪ್ಪಾ, ಹಿಡಕಲ್‌ನವರಿಗೆ ಕೈ ಮುಗದು ಬ್ಯಾಡ ಅಂತ ಹೇಳು. ನಾಗನೂರಾಗ ನಾನ ಹುಡುಗನ್ನ ನೋಡೇನಿ. ನಮ್ಮ ಮಂದೀನ.”

ಅವಳಪ್ಪ ಅವಸರದ ಮನುಷ್ಯನಲ್ಲ. ಮಗಳು ಸಣ್ಣವಳಿದ್ದಾಗಿನಿಂದ ಬೇಡವೆಂದದ್ದನ್ನು ಬೇಕೆಂದವಳಲ್ಲ, ಬೇಕೆಂದದ್ದನ್ನು ಬಿಟ್ಟವಳಲ್ಲ ಎಂಬುದು ಅವನಿಗೆ ನೆನಪಿತ್ತು.

“ನೋಡಾಕ ಹೆಂಗದಾನ?” ಎಂದು ಕೇಳಿದ.

ಶೈಲಾ ಮಾಲಿಂಗನನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು.

“ಈಗ ಏನೂ ಚೆಂದಿಲ್ಲ ಅಪ್ಪಾ. ಹತ್ತ ದಿನ ಬಿಟ್ಟು ಬಾ. ಬಾವು ಇಳದಿರ್ತೈತಿ.”

ಬಾವು ವಾರದೊಳಗೇ ಇಳಿಯಿತು. ಹೊಲಿಗೆ ಬಿಚ್ಚುವ ದಿನ ಕಲ್ಲಪ್ಪ ದವಾಖಾನೆಗೇ ಬಂದು, ಅಳಿಯನಾಗುವವನ ಬಾಯೊಳಗೆ ಇಣುಕಿ ನೋಡಿ, “ಹಲ್ಲು ನೋಡಿ ಎತ್ತ ಕೊಂಡೇನಿ, ಹಲ್ಲಿಲ್ಲದ್ದು ನೋಡಿ ಅಳಿಯನ್ನ ತಗೊಳ್ಳೂದು ಇದ ಮೊದಲು” ಎಂದ. ಮಾಲಿಂಗ ಬಾಯಿ ಮುಚ್ಚಿಕೊಳ್ಳದೆ ನಕ್ಕ. ಅಂದಿನಿಂದ ಅವನು ಅಂಗೈ ಅಡ್ಡ ಹಿಡಿದದ್ದನ್ನು ಯಾರೂ ಕಾಣಲಿಲ್ಲ.

ಎಲುಬು ಹಿಡಿದುಕೊಂಡಿತು. ನಾಲ್ಕು ತಿಂಗಳ ಮೇಲೆ, ಒಂದು ಸಂಜೆ, ಎರಡು ಹೊಸ ಹಲ್ಲು ಕೂತವು. ಅಷ್ಟರಲ್ಲಿ ಶೈಲಾಳ ಕೊರಳಿಗೆ ತಾಳಿ ಬಂದು ಮೂರು ವಾರವಾಗಿತ್ತು. ಡಾಕ್ಟರ್ ಶಹನಾಜ ಕನ್ನಡಿ ತೋರಿಸಿ, “ಇನ್ನ ಊದಬಹುದಪ್ಪಾ” ಎಂದರು. ಮಾಲಿಂಗ ಎದ್ದು ಹೊರಗೆ ಹೋದ.

ಶೈಲಾ ಒಳಗೆ ತಟ್ಟೆ ತೊಳೆಯುತ್ತಿದ್ದಳು. ರಸ್ತೆಯ ಗದ್ದಲ, ರಿಕ್ಷಾಗಳ ಹಾರ್ನು, ಎಲ್ಲವನ್ನೂ ಸೀಳಿಕೊಂಡು ಸಿಳ್ಳು ಬಂತು. ಒಂದು ಉದ್ದ. ಆಮೇಲೆ ಎರಡು ಸಣ್ಣವು.

“ಈ ಬಜಾರದಾಗ ಅವನ ಕುರಿ ಎಲ್ಲಿ ಬಂದಾವು?” ಎಂದರು ಶಹನಾಜ.

“ಕುರಿಗೆ ಅಲ್ರಿ ಮೇಡಂ,” ಎಂದಳು ಶೈಲಾ. ಗ್ಲೌಸ್ ಕಳಚಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಮನೆಗೆ ಹೊರಟಳು.